ಅತ್ತೆಯ ದಿವಾನಿನವರೆಗೆ ಟಿವಿ ಸದ್ದು: ಎಸ್.ಪಿ. ರೋಡಿನ ಎರಡು ಪುಟ್ಟ ಡಬ್ಬಿಗಳು, ಏಳು ತಿಂಗಳ ನಂತರ

ಟಿವಿಯ ಸದ್ದನ್ನು ವೈರ್ ಎಳೆಯದೇ ದೂರದ ಸ್ಪೀಕರಿಗೆ ತಲುಪಿಸುವ ಎರಡು ಬ್ಲೂಟೂತ್ ಡಬ್ಬಿಗಳ ವಿಮರ್ಶೆ ಇದು. ನಮ್ಮದು ಬೆಂಗಳೂರಿನ ಹನುಮಂತನಗರದ ಹಳೇ ಮನೆ. ಉದ್ದ ಹಾಲ್. ಒಂದು ತುದಿಯ ಗೋಡೆಗೆ 43 ಇಂಚಿನ ಟಿವಿ, ಇನ್ನೊಂದು ತುದಿಯಲ್ಲಿ ಅಡುಗೆಮನೆ ಬಾಗಿಲ ಪಕ್ಕ ಅತ್ತೆಯ ದಿವಾನ. ನಡುವೆ ಹದಿನಾಲ್ಕು ಅಡಿ. ಅತ್ತೆಗೆ 79 ವರ್ಷ, ಕಿವಿ ಮಂದ. ಮಷೀನ್ ಮಾಡಿಸಿಕೊಟ್ಟಿದ್ದೇವೆ. ಅದು ಡಬ್ಬಿಯೊಳಗೆ ಭದ್ರವಾಗಿದೆ. "ಅದನ್ನ ಹಾಕ್ಕೊಂಡ್ರೆ ನನ್ನ ಬಳೆ ಸದ್ದೇ ನಂಗೆ ಗುಡುಗಿದ ಹಾಗೆ ಕೇಳ್ಸುತ್ತೆ ಕಣೇ" ಅಂತಾರೆ.

ಹಾಗಾಗಿ ಸಂಜೆ ಏಳರಿಂದ ಒಂಬತ್ತರವರೆಗೆ ಟಿವಿ ವಾಲ್ಯೂಮ್ 38. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅವರ ಮಗಳಿಗೆ ಆ ವರ್ಷ ಎಸ್ಸೆಸ್ಸೆಲ್ಸಿ. ಒಂದು ದಿನ ಆಕೆಯ ಅಮ್ಮ ಪಾತ್ರೆ ವಾಪಸ್ ಕೊಡಲು ಬಂದವರು, "ನಿಮ್ಮ ಸೀರಿಯಲ್ ನಮಗೂ ಕೇಳ್ಸುತ್ತೆ ಬಿಡಿ, ನಾವು ಟಿವಿ ಹಾಕೋದೇ ಬಿಟ್ಟಿದ್ದೀವಿ" ಅಂದರು. ನಗುತ್ತಲೇ ಅಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಈಗಿನ ತೆಳ್ಳನೆ ಟಿವಿಗಳಲ್ಲಿ ಸ್ಪೀಕರ್ ಹೆಚ್ಚಾಗಿ ಕೆಳಮುಖವಾಗಿಯೋ ಹಿಂಬದಿಗೋ ಇರುತ್ತದೆ. ಮಾತು ಮೊದಲು ಗೋಡೆಗೆ, ನೆಲಕ್ಕೆ ಬಡಿದು ಆಮೇಲೆ ನಮ್ಮ ಹತ್ತಿರ ಬರುತ್ತದೆ. ವಾಲ್ಯೂಮ್ ಏರಿಸಿದರೆ ಗದ್ದಲ ಏರುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಅತ್ತೆಗೆ ಬೇಕಾದದ್ದು ಜೋರು ಸದ್ದಲ್ಲ, ಹತ್ತಿರದ ಸದ್ದು. ದಿವಾನದ ತಲೆದಿಂಬಿನ ಪಕ್ಕ ಒಂದು ಸ್ಪೀಕರ್ ಇಟ್ಟರೆ ಮುಗೀತು ಅಂದುಕೊಂಡೆ.

"ವೈರ್ ಎಳೆದ್ರೆ ಆಗಲ್ವಾ?" ಅಂದರು ನಮ್ಮ ಯಜಮಾನರು. ಸರಿಯಾದ ಪ್ರಶ್ನೆ. ಐದು ಮೀಟರ್ ಆಡಿಯೋ ವೈರಿಗೆ ಇನ್ನೂರು ಮುನ್ನೂರು ರೂಪಾಯಿ. ತಡ ಅನ್ನುವುದೇ ಇಲ್ಲ, ಪೇರ್ ಮಾಡುವ ರಗಳೆ ಇಲ್ಲ. ಆದರೆ ನಮ್ಮ ಹಾಲಿನಲ್ಲಿ ವೈರ್ ಅಡುಗೆಮನೆ ಬಾಗಿಲನ್ನೂ ದೇವರ ಮನೆ ಬಾಗಿಲನ್ನೂ ದಾಟಬೇಕು. ರಾತ್ರಿ ಎದ್ದು ಓಡಾಡುವ ಅತ್ತೆಯ ಕಾಲಿಗೆ ಅದು ಸಿಕ್ಕಿಕೊಂಡರೆ ಕಥೆ ಬೇರೆ. ನಿಮ್ಮ ಮನೆಯಲ್ಲಿ ಇಂಥ ಬಾಗಿಲು ಇಲ್ಲದಿದ್ದರೆ ವೈರ್ ತಗೊಳ್ಳಿ, ಈ ವಿಮರ್ಶೆ ಇಲ್ಲಿಗೇ ಬಿಟ್ಟರೂ ನಷ್ಟವಿಲ್ಲ.

ಮಗನ ಹತ್ತಿರ 20 ವಾಟ್‌ನ ಬ್ಲೂಟೂತ್ ಸ್ಪೀಕರ್ ಇತ್ತು. ಟಿವಿಯಲ್ಲೂ ಬ್ಲೂಟೂತ್ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ, ಸೌಂಡ್ ಔಟ್‌ಪುಟ್ ಅಂತ ಹುಡುಕಿ, ಸ್ಪೀಕರಿನ ಹೆಸರು ಒತ್ತಿದ. ಎರಡು ನಿಮಿಷದ ಕೆಲಸ. ದಿವಾನದ ಪಕ್ಕದಿಂದ ಸೀರಿಯಲ್ ಹಾಡು ಮೊಳಗಿತು. ಅತ್ತೆ ಖುಷಿಯಾದರು. ಹಾಡು ಮುಗಿದು ಮಾತು ಶುರುವಾಯಿತು. ಅತ್ತೆ ಹುಬ್ಬು ಗಂಟಿಕ್ಕಿದರು.

"ಇದೇನೇ, ಇವತ್ತಿಂದ ಡಬ್ಬಿಂಗ್ ಸೀರಿಯಲ್ ಹಾಕಿದ್ದಾರಾ?"

ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ಜಗಳವಾಡಿದ ಊರು ನಮ್ಮದು. ಅಚ್ಚ ಕನ್ನಡದ ಸೀರಿಯಲ್ ನಮ್ಮ ಹಾಲಿನಲ್ಲೇ ಡಬ್ಬಿಂಗ್ ಆಗಿಬಿಟ್ಟಿತ್ತು. ಸೊಸೆ ಪಾತ್ರದವಳು ಬಾಯಿ ಮುಚ್ಚಿದ ಮೇಲೆ ಅವಳ ಮಾತು ಬರುತ್ತಿತ್ತು. ಚಾನೆಲ್ ಬದಲಿಸಿ ಕ್ರಿಕೆಟ್ ಹಾಕಿದೆವು. ಬ್ಯಾಟ್ ಬೀಸಿ ಚೆಂಡು ಹೊರಟ ಮೇಲೆ "ಟಕ್".

ಮಗ ಇಂಜಿನಿಯರಿಂಗ್ ಮೂರನೇ ವರ್ಷ. ಸುಮ್ನೆ ಬಿಡುವವನಲ್ಲ. ತಾನು ಚಪ್ಪಾಳೆ ತಟ್ಟುವ ವಿಡಿಯೋ ಮಾಡಿ, ಟಿವಿಗೆ ಚುಚ್ಚಿ ಇಂಟರ್ನೆಟ್ ಆ್ಯಪ್ ನೋಡುವ ಸ್ಟ್ರೀಮಿಂಗ್ ಸ್ಟಿಕ್ಕಿನಿಂದ ಟಿವಿಗೆ ಹಾಕಿದ. ಅದನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ, ಕೈ ಸೇರಿದ್ದು ಯಾವಾಗ, ಸದ್ದು ಬಂದದ್ದು ಯಾವಾಗ ಅಂತ ಫ್ರೇಮ್ ಎಣಿಸಿದ. ಸುಮಾರು 200 ಮಿಲಿಸೆಕೆಂಡ್ ತಡ. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಕೇಳಲು ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 200 ಮಿಲಿಸೆಕೆಂಡಿನಲ್ಲಿ ಸುಮಾರು 69 ಮೀಟರ್. ಸೊಸೆ 69 ಮೀಟರ್ ಆಚೆ ನಿಂತು ಮಾತಾಡಿದ ಹಾಗೆ, ಮುಖ ಮಾತ್ರ ಟಿವಿ ತುಂಬ.

ಚಿಕ್ಕವಳಿದ್ದಾಗ ಅಜ್ಜಿ ಊರಿನ ಕೆರೆಯ ಈಚೆ ದಡದಲ್ಲಿ ಕೂತು, ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡುತ್ತಿದ್ದೆ. ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲಕ್ಕೆ ಹೋದ ಮೇಲೆ "ಧಪ್" ಅಂತ ಕೇಳಿಸೋದು. ಅದು ಯಾವತ್ತೂ ವಿಚಿತ್ರ ಅನ್ನಿಸಲಿಲ್ಲ. ದೂರದ್ದು ತಡವಾಗಿ ಕೇಳುತ್ತದೆ ಅಂತ ಕಣ್ಣಿಗೂ ಕಿವಿಗೂ ಗೊತ್ತು. ಚಿನ್ನಸ್ವಾಮಿ ಸ್ಟೇಡಿಯಂನ ಗ್ಯಾಲರಿಯಲ್ಲಿ ಕೂತರೂ ಅಷ್ಟೇ. ಮುಖ ಹತ್ತಿರ ಇದ್ದು ಮಾತು ದೂರ ಇದ್ದರೆ ಮಾತ್ರ ತಲೆ ಕೆಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಟಿವಿ ಪ್ರಸಾರಕ್ಕೆಂದು 1998ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಸದ್ದು 125 ಮಿಲಿಸೆಕೆಂಡಿನಷ್ಟು ಹಿಂದುಳಿದಾಗ ಜನಕ್ಕೆ ಅದು ಗೊತ್ತಾಗಲು ಶುರುವಾಗುತ್ತದೆ, 185 ದಾಟಿದರೆ ಸಹಿಸುವುದಿಲ್ಲ. ಸದ್ದು ಮುಂದೆ ಓಡಿದರೆ ಮಾತ್ರ ಬರೀ 45ಕ್ಕೇ ಗೊತ್ತಾಗುತ್ತದೆ. ಮಾತು ಬಾಯಿಗಿಂತ ಮೊದಲು ಬರುವುದು ಯಾವ ಕೆರೆ ದಡದಲ್ಲೂ ನಡೆಯುವುದಿಲ್ಲವಲ್ಲ.

ತಡ ಯಾಕೆ ಅಂತ ಕೇಳಿದರೆ, ಬ್ಲೂಟೂತ್ ಸದ್ದನ್ನು ಹಾಗೇ ಕಳಿಸುವುದಿಲ್ಲ. ಹಿಂಡಿ ಚಿಕ್ಕದು ಮಾಡಿ, ಪೊಟ್ಟಣ ಕಟ್ಟಿ ಕಳಿಸುತ್ತದೆ. ಸ್ಪೀಕರ್ ಒಂದಷ್ಟು ಪೊಟ್ಟಣ ಕೂಡಿಟ್ಟುಕೊಂಡು ಆಮೇಲೆ ಬಿಚ್ಚುತ್ತದೆ. ಯಾವುದಾದರೂ ದಾರಿಯಲ್ಲಿ ಕೆಟ್ಟರೆ ಮತ್ತೆ ತರಿಸಿಕೊಳ್ಳಲು ಪುರುಸೊತ್ತು ಬೇಕಲ್ಲ, ಅದಕ್ಕೆ. ಹಾಡು ಕೇಳುವಾಗ ಈ ತಡ ಯಾರಿಗೂ ಗೊತ್ತಾಗಲ್ಲ. ಅಲ್ಲಿ ನೋಡಲು ತುಟಿಯೇ ಇಲ್ಲ.

ಟಿವಿ ಸೆಟ್ಟಿಂಗಿನಲ್ಲಿ "ಆಡಿಯೋ ಡಿಲೇ" ಅಂತ ಒಂದು ಪಟ್ಟಿ ಇದೆ. ನಮ್ಮ ಯಜಮಾನರು ಅದನ್ನು ಅರ್ಧ ಗಂಟೆ ಆ ಕಡೆ ಈ ಕಡೆ ಎಳೆದರು. ತಡ ಇನ್ನೂ ಜಾಸ್ತಿ ಆಯಿತು. ಆ ಪಟ್ಟಿ ಸದ್ದನ್ನು ಹಿಂದಕ್ಕೆ ಮಾತ್ರ ತಳ್ಳುತ್ತದೆ. ಇನ್ನೂ ಬಾರದ ಸದ್ದನ್ನು ಮುಂಚೆಯೇ ತರಲು ಟಿವಿಗೇನು ಜ್ಯೋತಿಷ್ಯ ಬರುತ್ತದೆಯೇ?

ಒಂದು ವಿಚಿತ್ರ ಗಮನಿಸಿದೆವು. ಅದೇ ಸ್ಪೀಕರ್, ಅದೇ ಟಿವಿ. ಟಿವಿಯೊಳಗಿನ ಯೂಟ್ಯೂಬ್ ಹಾಕಿದರೆ ಮಾತು ಸರಿಯಾಗಿ ಕೂಡುತ್ತಿತ್ತು. ಸ್ಪೀಕರನ್ನು ನೇರ ಸ್ಟಿಕ್ಕಿಗೆ ಜೋಡಿಸಿ ಸ್ಟಿಕ್ಕಿನ ಆ್ಯಪ್‌ಗಳನ್ನು ಹಾಕಿದಾಗಲೂ ಸರಿ. ಕೇಬಲ್ ಸೆಟ್‌ಟಾಪ್ ಬಾಕ್ಸ್ ಹಾಕಿದರೆ ಮಾತ್ರ ಡಬ್ಬಿಂಗ್. ಕಾರಣ ಸರಳ. ಆ್ಯಪ್ ಓಡುವುದೂ ಬ್ಲೂಟೂತ್ ಇರುವುದೂ ಒಂದೇ ಯಂತ್ರದಲ್ಲಾದರೆ, ಸದ್ದು ಎಷ್ಟು ತಡ ಅಂತ ಆ್ಯಪ್‌ಗೆ ಗೊತ್ತಿರುತ್ತದೆ. ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ತೋರಿಸುತ್ತದೆ. ಎಚ್‌ಡಿಎಂಐ ವೈರಿನಲ್ಲಿ ಹೊರಗಿನ ಬಾಕ್ಸಿನಿಂದ ಬಂದ ಚಿತ್ರವನ್ನು ಟಿವಿ ಬಂದ ಹಾಗೇ ತೋರಿಸಿಬಿಡುತ್ತದೆ.

ಹಾಗಾದರೆ ಅತ್ತೆ ಆ್ಯಪ್‌ನಲ್ಲೇ ಸೀರಿಯಲ್ ನೋಡಲಿ ಅಂದ ಮಗ. ನೀವು ಸ್ಟಿಕ್ಕಿನಲ್ಲೇ ಎಲ್ಲ ನೋಡುವವರಾದರೆ ನಿಮಗೆ ಇದೇ ಸಾಕು, ಒಂದು ರೂಪಾಯಿ ಖರ್ಚಿಲ್ಲ. ಅತ್ತೆಗೆ ಆಗಲಿಲ್ಲ. ಅವರಿಗೆ ಚಾನೆಲ್ ಅಂದರೆ ನಂಬರ್. ನಂಬರ್ ಗುಂಡಿಗಳೇ ಇಲ್ಲದ ರಿಮೋಟನ್ನು ಅವರು ರಿಮೋಟ್ ಅಂತಲೇ ಒಪ್ಪುವುದಿಲ್ಲ. ನಮ್ಮ ಯಜಮಾನರೂ ಎರಡು ಮ್ಯಾಚ್ ಆ್ಯಪ್‌ನಲ್ಲಿ ನೋಡಿ ಕೈಬಿಟ್ಟರು. ಪಕ್ಕದ ಮನೆಯವರು ಕೇಬಲ್‌ನಲ್ಲಿ "ಔಟ್" ಅಂತ ಕೂಗುವಾಗ ಇಲ್ಲಿ ಬೌಲರ್ ಇನ್ನೂ ಚೆಂಡು ಒರೆಸುತ್ತಿದ್ದ.

ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡ್. ಒಂದು ಶನಿವಾರ ಬ್ಯಾಂಕಿಗೆ ರಜೆ ಇತ್ತು. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದರೆ ಎರಡನೆಯದೇ ಚಿಕ್ಕಪೇಟೆ. ಅಲ್ಲಿಂದ ನಡೆದೆ. ಸಾದರ್ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ.

ಮೊದಲ ಅಂಗಡಿಯಲ್ಲಿ ಮೋಸ ಹೋದೆ. "ಬ್ಲೂಟೂತ್ ಇಲ್ದೇ ಇರೋ ಟಿವಿಗೂ ಆಗುತ್ತೆ, ಝೀರೋ ಡಿಲೇ ಅಕ್ಕಾ" ಅಂತ ಬೆರಳುದ್ದದ ಬ್ಲೂಟೂತ್ ಕಡ್ಡಿ ಕೊಟ್ಟರು, 650 ರೂಪಾಯಿ. ಡಬ್ಬಿಯ ಮೇಲೆ ದೊಡ್ಡದಾಗಿ 5.0 ಅಂತ ಇತ್ತು. ಹೊಸ ನಂಬರ್ ಅಂದರೆ ಬೇಗ ಅಂತ ನಾನೂ ನಂಬಿದೆ. ಮನೆಗೆ ತಂದು ಹಾಕಿದರೆ ಅದೇ ಡಬ್ಬಿಂಗ್. 5.0 ಅನ್ನುವುದು ಬ್ಲೂಟೂತ್‌ನ ಆವೃತ್ತಿ. ತಡ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಸದ್ದನ್ನು ಹಿಂಡುವ ವಿಧಾನ, ಅಂದರೆ ಕೋಡೆಕ್. ಎಲ್ಲ ಬ್ಲೂಟೂತ್ ಸ್ಪೀಕರಿಗೂ ಬರುವ ಕೋಡೆಕ್ ಎಸ್‌ಬಿಸಿ. ಅದರಲ್ಲಿ ಈ ತಡ ತಪ್ಪಿದ್ದಲ್ಲ. ನಮಗೆ ಬೇಕಾದದ್ದು ಆಪ್ಟ್‌ಎಕ್ಸ್ ಲೋ ಲೇಟೆನ್ಸಿ, ಅಂದರೆ ಕಡಿಮೆ ತಡದ ಕೋಡೆಕ್. ಅದರ ತಡ ಸುಮಾರು 40 ಮಿಲಿಸೆಕೆಂಡ್. ನಮ್ಮ ಟಿವಿ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರ. ಹಾಗಾಗಿ ಒಂದೇ ಒಂದು ಚಿತ್ರದಷ್ಟು ತಡ. ಎಸ್‌ಬಿಸಿಯಲ್ಲಿ ಐದು. ಕಡ್ಡಿ ವಾಪಸ್ ತಗೊಳ್ಳಲಿಲ್ಲ. ಈಗ ಅದು ಮಗನ ಹಾಸ್ಟೆಲಿನ ಗೆಳೆಯನ ಹತ್ತಿರ ಇದೆ.

ಮುಂದಿನ ಸಲ ಪೂರ್ತಿ ತಯಾರಾಗಿ ಹೋದೆ. ಮೆಟ್ಟಿಲ ಕೆಳಗಿನ ಒಂದು ಪುಟ್ಟ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ. ಅಂಗಡಿಯಾತ ರಾಜಸ್ಥಾನದ ಕಡೆಯವರು, ಕನ್ನಡ ನಮ್ಮಷ್ಟೇ ಚೆನ್ನಾಗಿತ್ತು. "ಲೋ ಲೇಟೆನ್ಸಿ ಇರೋದು ಬೇಕು, ಹಾಕಿ ತೋರಿಸಿದ್ರೆ ಮಾತ್ರ ತಗೊಳ್ತೀನಿ" ಅಂದೆ. "ತೋರಿಸ್ತೀನಿ ಮೇಡಂ, ಕೂತ್ಕೊಳಿ" ಅಂದರು. ಕೂರಲು ಜಾಗ ಇರಲಿಲ್ಲ. ಹಳೇ ಟಿವಿಯೊಂದಕ್ಕೆ ಜೋಡಿಸಿ ಇಂಗ್ಲಿಷ್ ಸಿನಿಮಾದ ಹೊಡೆದಾಟ ಹಾಕಿದರು. ಬೇಡ, ಕನ್ನಡ ನ್ಯೂಸ್ ಹಾಕಿ ಅಂದೆ.

ಯಾಕಂದರೆ ನಾನೊಂದು ಪರೀಕ್ಷೆ ಕಂಡುಕೊಂಡಿದ್ದೆ. ಪ, ಫ, ಬ, ಭ, ಮ. ಒಂದನೇ ಕ್ಲಾಸಿನಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದ ಸಾಲು. ಈ ಐದನ್ನೂ ತುಟಿ ಮುಚ್ಚದೆ ಹೇಳಲು ಬರುವುದಿಲ್ಲ. ಬೇಕಾದರೆ ಈಗಲೇ ಹೇಳಿ ನೋಡಿ. ಕ, ತ, ಸ ಎಲ್ಲ ಬಾಯೊಳಗೆ ಎಲ್ಲೋ ನಡೆದುಹೋಗುತ್ತವೆ, ಹೊರಗಿನವರಿಗೆ ಕಾಣುವುದಿಲ್ಲ. ಈ ಐದು ಮಾತ್ರ ಬಾಗಿಲ ಹತ್ತಿರವೇ ನಡೆಯುತ್ತವೆ. ನ್ಯೂಸ್ ಓದುವಾಕೆ "ಮುಖ್ಯಮಂತ್ರಿ" ಅನ್ನುತ್ತಾಳೆ. ತುಟಿ ಎರಡು ಸಲ ಮುಚ್ಚಬೇಕು, ಎರಡೂ ಸಲ ಮುಚ್ಚಿದಾಗಲೇ ಮ ಕೇಳಬೇಕು. "ಬೆಂಗಳೂರು" ಅಂದಾಗ ತುಟಿ ಬಿಡುವುದೂ "ಬೆಂ" ಬರುವುದೂ ಒಟ್ಟಿಗೆ ಆಗಬೇಕು. ನಮ್ಮ ಮನೆಯಲ್ಲಿ ಆಕೆಯ ಬಾಯಿ "ಗ"ಕ್ಕೆ ಹೋದ ಮೇಲೆ "ಬೆಂ" ಕೇಳುತ್ತಿತ್ತು. ಸರಿಸುಮಾರು ಒಂದು ಅಕ್ಷರ ಹಿಂದೆ. ಇದಕ್ಕೆ ಮೀಟರ್ ಬೇಡ, ಸ್ಲೋ ಮೋಷನ್ನೂ ಬೇಡ.

ಅಂಗಡಿಯ ಟಿವಿಯಲ್ಲಿ ಆಕೆ ಮುಖ್ಯಮಂತ್ರಿ ಅಂದಳು. ಮ ಕೂಡಿತು. ಇನ್ನೊಂದು ಸಲ ಅಂದಳು, ಆಗಲೂ ಕೂಡಿತು. ಅಂಗಡಿಯವರೂ ಬಗ್ಗಿ ಆಕೆಯ ತುಟಿಯನ್ನೇ ನೋಡತೊಡಗಿದರು. "ಇಷ್ಟು ವರ್ಷ ಮಾರ್ತಾ ಇದ್ದೀನಿ, ಹೀಗೆ ನೋಡಿರ್ಲಿಲ್ಲ ಮೇಡಂ."

3,400 ಹೇಳಿ 2,900ಕ್ಕೆ ಕೊಟ್ಟರು. ಜೊತೆಗೆ 200 ರೂಪಾಯಿಗೆ, ಟಿವಿಯ ಸದ್ದನ್ನು ಬೆಳಕಾಗಿ ಒಯ್ಯುವ ಆಪ್ಟಿಕಲ್ ಕೇಬಲ್. ಬಿಲ್ ಕೊಟ್ಟರು, ಆರು ತಿಂಗಳ ವಾರಂಟಿ. ಒಂದೇ ಥರದ ಎರಡು ಡಬ್ಬಿ, ಪ್ರತಿಯೊಂದೂ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಂದು ಟಿವಿ ಹಿಂದೆ ಕೂತು ಕಳಿಸುತ್ತದೆ. ಇನ್ನೊಂದು ಸ್ಪೀಕರಿನ ಆಕ್ಸ್ ತೂತಿಗೆ (ಆಡಿಯೋ ವೈರ್ ಚುಚ್ಚುವ ತೂತು) ಚಿಕ್ಕ ವೈರಿನಲ್ಲಿ ಸೇರಿ, ಬಂದದ್ದನ್ನು ಹಿಡಿದು ಕೊಡುತ್ತದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಇಂಥ ಡಬ್ಬಿ ಮುಂದಿನ ತಿಂಗಳು ಬೇರೆ ಹೆಸರಿನಲ್ಲಿ ಸಿಗುತ್ತದೆ.

ಎರಡು ಡಬ್ಬಿ ಯಾಕೆ, ಕಳಿಸುವುದೊಂದನ್ನೇ ತಂದು ಸ್ಪೀಕರಿಗೆ ನೇರ ಜೋಡಿಸಬಹುದಲ್ಲ? ಮಗ ಮೊದಲು ಅದನ್ನೇ ಮಾಡಿದ. ಜೋಡಿಯಾಯಿತು, ಡಬ್ಬಿಂಗ್ ವಾಪಸ್ ಬಂತು. ಲೋ ಲೇಟೆನ್ಸಿ ಎರಡೂ ಕಡೆಗೆ ಬರಬೇಕು. ಒಬ್ಬರಿಗೆ ಬಾರದಿದ್ದರೆ ಇಬ್ಬರೂ ಎಸ್‌ಬಿಸಿಗೆ ಇಳಿಯುತ್ತಾರೆ. ಕನ್ನಡ ಬಾರದವರು ಎದುರಾದ ಕೂಡಲೇ ನಾವು ಮುರುಕು ಹಿಂದಿಗೆ ಇಳಿಯುತ್ತೇವಲ್ಲ, ಹಾಗೆ.

ಜೋಡಿಸುವಾಗ ಎರಡು ಕಡೆ ಎಡವಿದೆವು. ಆಪ್ಟಿಕಲ್ ಕೇಬಲಿನ ತುದಿಗೆ ಪುಟ್ಟ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೇ ಹತ್ತು ನಿಮಿಷ ತುರುಕಿದೆವು. ತೆಗೆದ ಮೇಲೆ "ಕ್ಲಿಕ್" ಅಂತ ಕೂತಿತು. ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಸದ್ದು ಹೊರಟಿದೆ ಅಂತ ಅರ್ಥ. ಆಮೇಲೆ, ಕೇಬಲ್ ಚಾನೆಲ್‌ಗಳು ಚೆನ್ನಾಗಿ ಕೇಳಿದವು, ಆದರೆ ರಾತ್ರಿ ಸ್ಟಿಕ್ಕಿನಲ್ಲಿ ಸಿನಿಮಾ ಹಾಕಿದರೆ ಸ್ಪೀಕರ್ ಗಪ್‌ಚಿಪ್. ಡಬ್ಬಿ ಕೆಟ್ಟಿತು ಅಂತಲೇ ಅಂದುಕೊಂಡೆ. ಆ ಸಿನಿಮಾದ ಸದ್ದು ಡಾಲ್ಬಿ ಅನ್ನುವ ಪದ್ಧತಿಯಲ್ಲಿ ಹಿಂಡಿಕೊಂಡು ಹೋಗುತ್ತಿತ್ತು. ಈ ಡಬ್ಬಿಗೆ ಅರ್ಥವಾಗುವುದು ಪಿಸಿಎಂ, ಅಂದರೆ ಹಿಂಡದ ಸಾದಾ ಡಿಜಿಟಲ್ ಸದ್ದು ಮಾತ್ರ. ಟಿವಿಯ ಡಿಜಿಟಲ್ ಆಡಿಯೋ ಔಟ್ ಅನ್ನುವಲ್ಲಿ "ಪಿಸಿಎಂ" ಅಂತ ಆರಿಸಿದ ಮೇಲೆ ಸರಿಹೋಯಿತು.

ಆಪ್ಟಿಕಲ್‌ನಿಂದ ಹೊರಡುವ ಸದ್ದಿಗೆ ಸಾಮಾನ್ಯವಾಗಿ ಟಿವಿ ರಿಮೋಟಿನ ವಾಲ್ಯೂಮ್ ಲೆಕ್ಕವಿಲ್ಲ. ಇದನ್ನು ದೋಷ ಅಂತ ಬರೆಯುವವರು ಇದ್ದಾರೆ. ನಮಗೆ ಇದೇ ವರವಾಯಿತು. ಅತ್ತೆಯ ವಾಲ್ಯೂಮ್ ಅತ್ತೆಯ ಕೈಯಲ್ಲಿ, ಸ್ಪೀಕರಿನ ಗುಂಡಿಯಲ್ಲಿ. ನಮ್ಮ ವಾಲ್ಯೂಮ್ ರಿಮೋಟಿನಲ್ಲಿ. ನಮ್ಮ ಟಿವಿಯಲ್ಲಿ ಆಪ್ಟಿಕಲ್ಲೂ ಟಿವಿ ಸ್ಪೀಕರೂ ಒಟ್ಟಿಗೆ ಕೇಳುವ ಆಯ್ಕೆ ಇದೆ. ಎಲ್ಲ ಟಿವಿಗಳಲ್ಲಿ ಇರುವುದಿಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ. ಈಗ ಟಿವಿ ವಾಲ್ಯೂಮ್ 9. ಸೋಫಾದಲ್ಲಿ ಕೂತವರಿಗೆ ಎರಡೂ ಸದ್ದು ಸೇರಿ ಸ್ವಲ್ಪ ದೇವಸ್ಥಾನದ ಲೌಡ್ ಸ್ಪೀಕರ್ ಥರ ಎರಡೆರಡಾಗಿ ಕೇಳಿಸುತ್ತದೆ, 40 ಮಿಲಿಸೆಕೆಂಡಿನ ಫಲ. ದಿವಾನದ ಹತ್ತಿರ ಅದು ಗೊತ್ತೇ ಆಗುವುದಿಲ್ಲ.

ಇನ್ನು ದೂರುಗಳು. ಟಿವಿ ಹಾಕಿದ ಮೇಲೆ ಎರಡು ಡಬ್ಬಿಗಳೂ ಒಂದನ್ನೊಂದು ಹುಡುಕಿಕೊಳ್ಳಲು ಹತ್ತು ಹನ್ನೆರಡು ಸೆಕೆಂಡ್ ಬೇಕು. ಅತ್ತೆಗೆ ಅಷ್ಟು ತಾಳ್ಮೆ ಇಲ್ಲ, "ಬರ್ಲಿಲ್ಲ, ಬರ್ಲಿಲ್ಲ" ಅಂತ ಶುರುಮಾಡುತ್ತಾರೆ. ಕರೆಂಟ್ ಹೋಗಿ ಬಂದಾಗ ಒಮ್ಮೊಮ್ಮೆ ಜೋಡಿ ತಪ್ಪುತ್ತದೆ. ಆಗ ಎರಡರ ಗುಂಡಿಯನ್ನೂ ಒತ್ತಿ ಹಿಡಿಯಬೇಕು, ಅದು ಅತ್ತೆಯ ಕೈಲಾಗದ ಕೆಲಸ. ಚಾರ್ಜರ್ ತೂತು ಹಳೇ ಮೈಕ್ರೋ ಯುಎಸ್‌ಬಿ, ನಾಲ್ಕೇ ತಿಂಗಳಲ್ಲಿ ಸಡಿಲವಾಗಿ ಈಗ ಟೇಪ್ ಸುತ್ತಿದ್ದೇನೆ. ಸಿಕ್ಕರೆ ಟೈಪ್ ಸಿ ಇರುವುದನ್ನೇ ಕೇಳಿ. ನೀಲಿ ದೀಪ ರಾತ್ರಿಯೆಲ್ಲ ಮಿಣುಕುತ್ತಿತ್ತು, ಅದರ ಮೇಲೆ ನನ್ನದೊಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಕುಂಕುಮ ಬಣ್ಣದ ದೊಡ್ಡ ಬೊಟ್ಟು. ಚೆನ್ನಾಗಿ ಒಪ್ಪುತ್ತದೆ.

ದೊಡ್ಡ ತೊಂದರೆ ಮೈಕ್ರೋವೇವ್‌ನದ್ದು. ದಿವಾನದ ಹಿಂದಿನ ಗೋಡೆಯ ಆಚೆಗೇ ಅಡುಗೆಮನೆ, ಅಲ್ಲೇ ಕಟ್ಟೆಯ ಮೇಲೆ ಮೈಕ್ರೋವೇವ್. ಸಾರು ಬಿಸಿಗಿಟ್ಟ ತಕ್ಷಣ ಸೀರಿಯಲ್ ತುಂಡು ತುಂಡು. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಮೈಕ್ರೋವೇವ್ ಕೆಲಸ ಮಾಡುವುದೂ 2.45ರಲ್ಲಿ. ಚೂರು ಸೋರಿದರೂ ಸಾಕು. ಹಳೇ ವೈಫೈ ಕೂಡ ಅದೇ ಬೀದಿ. ಸ್ಟಿಕ್ಕನ್ನೂ ಫೋನುಗಳನ್ನೂ 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿದೆವು. ಆಗಾಗ ಬರುತ್ತಿದ್ದ ಚಿಟಚಿಟ ನಿಂತಿತು. ಮೈಕ್ರೋವೇವಿಗೆ ಮಾತ್ರ ಔಷಧಿ ಇಲ್ಲ. ಏಳರಿಂದ ಒಂಬತ್ತು ಅದಕ್ಕೆ ರಜೆ. ಸಾರು ಒಲೆಯ ಮೇಲೇ ಬಿಸಿಯಾಗುತ್ತದೆ, ಅದೇ ಒಳ್ಳೇದು ಅಂತ ಅತ್ತೆ ಮೊದಲಿಂದಲೂ ಹೇಳುತ್ತಿದ್ದರು.

ಹೊಸ ಟಿವಿ ಕೊಳ್ಳುವ ಯೋಚನೆ ಇದ್ದವರು ಸ್ವಲ್ಪ ಕಾಯಬಹುದು. ಬ್ಲೂಟೂತ್‌ನವರೇ ಎಲ್‌ಇ ಆಡಿಯೋ ಅಂತ ಹೊಸ ಪದ್ಧತಿ ತಂದಿದ್ದಾರೆ. ಅದರ ಔರಾಕಾಸ್ಟ್ ಅನ್ನುವ ಸೌಲಭ್ಯದಲ್ಲಿ ಒಂದು ಟಿವಿಯಿಂದ ಎಷ್ಟು ಜನರಿಗೆ ಬೇಕಾದರೂ ಸದ್ದು ಹೋಗಬಹುದು, ನೇರ ಕಿವಿ ಮಷೀನಿಗೂ ಹೋಗಬಹುದು. ಎರಡೂ ಕಡೆ ಅದು ಇರಬೇಕು ಅಷ್ಟೇ. ನಮ್ಮತ್ತೆಯ ಮಷೀನ್ ಡಬ್ಬಿಯಿಂದ ಹೊರಬಂದರೆ ನೋಡೋಣ.

ಒಟ್ಟು 3,100 ಆಯಿತು. ಮೊದಲ ಅಂಗಡಿಯ 650 ಸೇರಿಸಿದರೆ 3,750. ಮತ್ತೆ ಕೊಳ್ಳುತ್ತೀಯಾ ಅಂದರೆ ಹೌದು, ಆದರೆ ಟೈಪ್ ಸಿ ಇರುವುದನ್ನ. ಅತ್ತೆಯ ವಿಮರ್ಶೆ ಬೇರೆ ಇದೆ. ಹದಿನೈದು ದಿನ ಕೇಳಿದ ಮೇಲೆ ಅಂದರು: "ಮಾತೆಲ್ಲ ಚೆನ್ನಾಗಿ ಕೇಳ್ಸುತ್ತೆ ಕಣೇ. ಮಾತಿಗಿಂತ ಡಂಡಂ ಅನ್ನೋದೇ ಜಾಸ್ತಿ ಇದೆ ಅಂತ ಈಗ ಗೊತ್ತಾಯ್ತು. ಅದೊಂದನ್ನ ತೆಗೆಯಕ್ಕಾಗಲ್ವಾ?" ಮಗ ಸ್ಪೀಕರಿನ ಬೇಸ್ ಕಡಿಮೆ ಮಾಡಿಕೊಟ್ಟ. ಡಂಡಂ ಅರ್ಧ ಹೋಯಿತು.

ಎಸ್.ಪಿ. ರೋಡಿಗೆ ಹೋಗುವವರು ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಟಿವಿ ಹಿಂಭಾಗದ ಫೋಟೋ ಮೊಬೈಲಿನಲ್ಲಿ ಇರಲಿ, ಯಾವ ತೂತು ಇದೆ ಅಂತ ಬಾಯಲ್ಲಿ ಹೇಳಲು ಹೋದರೆ ಕಷ್ಟ. ಸ್ಪೀಕರಿಗೆ ಆಕ್ಸ್ ತೂತು ಇದೆಯೇ ಅಂತಲೂ ನೋಡಿಕೊಂಡು ಹೋಗಿ, ಹೊಸ ಸ್ಪೀಕರುಗಳಲ್ಲಿ ಅದನ್ನು ತೆಗೆದುಹಾಕುತ್ತಿದ್ದಾರೆ. ಅಂಗಡಿಯವರು ಹೊಡೆದಾಟದ ಸಿನಿಮಾ ಹಾಕಿದರೆ ನ್ಯೂಸ್ ಹಾಕಿಸಿ. ಯಾರಾದರೂ ಮುಖ್ಯಮಂತ್ರಿ ಅನ್ನುವವರೆಗೆ ಕಾಯಿರಿ, ಬಹಳ ಹೊತ್ತು ಕಾಯಬೇಕಾಗಲ್ಲ.